ಹಳೇ ಮಿನಿಬೈಕಿಗೆ ಎಂಜಿನ್ ಹುಡುಕಾಟ

ಫ್ರೇಮಿಗೆ ಬಣ್ಣ ಹೊಡೆದಾಯ್ತು, ಈಗ ಎಂಜಿನ್ ಚಿಂತೆ. ಮೊದಲಿದ್ದದ್ದು ಟೆಕಮ್ಸೆ. ಆ ಕಂಪನಿ 2008ರಲ್ಲೇ ಎಂಜಿನ್ ಮಾಡೋದು ನಿಲ್ಲಿಸಿತು. ಹೋಂಡಾ ಜಿಎಕ್ಸ್200 ಹಾಕು ಅನ್ನೋದು ಎಲ್ಲರ ಸಲಹೆ. 196 ಸಿಸಿ. ಮುಕ್ಕಾಲು ಇಂಚಿನ ಶಾಫ್ಟ್ ಇರೋದನ್ನೇ ತಗೊಂಡರೆ ನನ್ನ ಹಳೇ ಕ್ಲಚ್ ಸಲೀಸಾಗಿ ಕೂರುತ್ತದೆ.

ಆದರೆ ಬರೀ ಎಚ್‌ಪಿ ನೋಡಿದರೆ ಸಾಲದು, ಟೇಪ್ ಹಿಡಿಯಲೇಬೇಕು. ಇದರ ಸಿಲಿಂಡರ್ 25 ಡಿಗ್ರಿ ವಾಲಿಕೊಂಡಿದೆ, ಮೇಲೊಂದು ಪೆಟ್ರೋಲ್ ಟ್ಯಾಂಕ್ ಬೇರೆ. ಅದೇ ಅಳತೆಗೆ ರಟ್ಟು ಕತ್ತರಿಸಿ ಫ್ರೇಮಿನೊಳಗೆ ಇಟ್ಟು ನೋಡಿದೆ. ಟ್ಯಾಂಕಿನ ಮೂಲೆ ಮೇಲಿನ ಪೈಪಿಗೆ ತಾಗುತ್ತದೆ. ಬಿಚ್ಚಿ ಬೇರೆ ಕಡೆ ಕೂರಿಸಿದರಾಯ್ತು, ಬಿಡಿ.

ಎಂಜಿನ್ನೇ ಬದಲಾದ ಮೇಲೆ ಇದು ಅದೇ ಗಾಡಿನಾ? ಸುಮ್ನೆ ಶೋಕೇಸಲ್ಲಿ ನಿಲ್ಲೋದಕ್ಕಿಂತ ಓಡಾಡಲಿ ಅನ್ಸುತ್ತೆ. ಹಳೇ ಟೆಕಮ್ಸೆಯನ್ನು ಮಾತ್ರ ಗುಜರಿಗೆ ಹಾಕಲ್ಲ.