ಮೀನಿಗೂ ಅಕ್ಕ ಅನ್ನಬೇಕಾ?

ಹೋದ ಶನಿವಾರ ಮಗಳು ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಪಕ್ಕದ ಮನೆಯ ಹಿರಿಯರು ನಮ್ಮಿಬ್ಬರನ್ನೂ ತಮ್ಮ ದೋಣಿಯಲ್ಲಿ ಮಿಲ್ ಲ್ಯಾಕ್ಸ್ ಸರೋವರಕ್ಕೆ ಕರೆದುಕೊಂಡು ಹೋಗಿದ್ದರು. ಅಮೆರಿಕದ ಮಿನೆಸೋಟಾ ರಾಜ್ಯದ ದೊಡ್ಡ ಸರೋವರಗಳಲ್ಲಿ ಅದೂ ಒಂದು, 500 ಚದರ ಕಿಲೋಮೀಟರಿಗಿಂತ ಜಾಸ್ತಿ. ಅವರ ಗಾಳಕ್ಕೆ ಒಂದು ವಾಲ್‌ಐ ಮೀನು ಬಿತ್ತು. ಮೊಳಕ್ಕಿಂತ ಉದ್ದ, ಮೈಯೆಲ್ಲ ಚಿನ್ನದ ಬಣ್ಣ, ಕಣ್ಣು ಮಾತ್ರ ಹಾಲು ಸುರಿದ ಗೋಲಿಯ ಹಾಗೆ. ಕೈ ಒದ್ದೆ ಮಾಡಿಕೊಂಡು ಹಿಡಿದರು, ಅಳೆದರು, "ಇಷ್ಟು ದೊಡ್ಡದಿದ್ರೆ ಹೆಣ್ಣೇ ಇರಬೇಕು, 2013ರಲ್ಲಿ ಹುಟ್ಟಿದ್ದು" ಅಂದು ನೀರಿಗೆ ಬಿಟ್ಟುಬಿಟ್ಟರು. ಮಗಳಿಗೆ ಒಂಬತ್ತು ವರ್ಷ. ನನ್ನ ಕಡೆ ತಿರುಗಿ, "ಅಪ್ಪಾ, ಹಾಗಾದ್ರೆ ಅವಳು ನನಗಿಂತ ದೊಡ್ಡೋಳು. ಅಕ್ಕ ಅನ್ಬೇಕಲ್ವಾ?" ಅಂದಳು.

ದಡಕ್ಕೆ ಬಂದಾಗ ಮೀನುಗಾರಿಕೆ ಇಲಾಖೆಯ ಹುಡುಗಿ ಪಟ್ಟಿ ಹಿಡಿದು ನಿಂತಿದ್ದಳು. ಎಷ್ಟು ಗಂಟೆ ಗಾಳ ಹಾಕಿದಿರಿ, ಎಷ್ಟು ಸಿಕ್ಕಿತು, ಎಷ್ಟು ಬಿಟ್ಟಿರಿ, ಎಲ್ಲ ಬರೆದುಕೊಂಡಳು. ವಯಸ್ಸು ಹೇಗೆ ಗೊತ್ತಾಗುತ್ತೆ ಅಂತ ಮಗಳು ಕೇಳಿದಳು. ಮೀನಿನ ತಲೆಯೊಳಗೆ ಪುಟ್ಟ ಕಿವಿಕಲ್ಲು ಇರುತ್ತದಂತೆ, ಮರದ ಕಾಂಡದ ಹಾಗೆ ಅದರಲ್ಲೂ ವರ್ಷಕ್ಕೊಂದು ಬಳೆ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅದದೇ ಜಾಗಗಳಲ್ಲಿ ಬಲೆ ಹಾಕುತ್ತಾರೆ. ಜಾಗ ಬದಲಿಸಿದರೆ ಹೋದ ವರ್ಷದ ಲೆಕ್ಕಕ್ಕೂ ಈ ವರ್ಷದ್ದಕ್ಕೂ ತಾಳೆ ಆಗಲ್ಲ. ಬಲೆಗೆ ಬಿದ್ದ ಮೀನಿನ ಕಿವಿಕಲ್ಲು ತೆಗೆದು ಬಳೆ ಎಣಿಸುತ್ತಾರೆ. 2013ರ ಮರಿಗಳು ಚೆನ್ನಾಗಿ ಉಳಿದವು ಅಂತ ಗೊತ್ತಾಗಿದ್ದು ಹೀಗೆ. ಅವನ್ನು ಉಳಿಸಿಕೊಳ್ಳೋಕೆ 2016ರಲ್ಲಿ ವಾಲ್‌ಐ ಹಿಡಿದರೆ ವಾಪಸ್ ಬಿಡಲೇಬೇಕು ಅಂತ ನಿಯಮ ಮಾಡಿದ್ದರು. ರೆಸಾರ್ಟಿನವರು ಗೋಳಾಡಿದರು, ಅವರ ಹೊಟ್ಟೆಪಾಡೂ ಅದೇ ತಾನೇ. ಇಲ್ಲಿನ ಮೂಲ ನಿವಾಸಿ ಒಜಿಬ್ವೆ ಜನ 1837ರ ಒಪ್ಪಂದದಲ್ಲಿ ಉಳಿಸಿಕೊಂಡಿದ್ದ ಮೀನಿನ ಹಕ್ಕನ್ನು 1999ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಯಾರಿಗೆಷ್ಟು ಪಾಲು ಅನ್ನೋದಕ್ಕೂ ಈ ಲೆಕ್ಕವೇ ಆಧಾರ.

ನಮ್ಮ ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ನೆನಪಾಯಿತು. ಅದರಲ್ಲಿ ಬೆನ್ನ ಮೇಲೆ ಡುಬ್ಬ ಇರುವ ಜಾತಿ ಕಮ್ಮಿಯಾಗುತ್ತಿದೆ ಅಂತ ಗೊತ್ತಾಗಿದ್ದು ಗಾಳದವರು ಹಿಡಿದು ಬಿಟ್ಟ ಮೀನುಗಳನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ. ಅಷ್ಟು ಹೆಸರಾದ ಮೀನು, ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ! ಶೃಂಗೇರಿಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಊರಿನ ಕೆರೆಯನ್ನು ಮಾತ್ರ ಗುತ್ತಿಗೆಗೆ ಕೊಟ್ಟು, ಕಾಟ್ಲಾ ಮರಿ ಬಿಟ್ಟು, ಒಳಗೆ ಮೊದಲಿಂದ ಏನಿತ್ತು ಅಂತ ಒಂದು ಸಲವೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ. ಊರವರೆಲ್ಲ ಸೇರಿ ಮೀನು ಹಿಡಿಯುವ ಕೆರೆಬೇಟೆಯ ದಿನ ಕೂಣಿ, ಅಂದರೆ ಬಿದಿರಿನ ಬುಟ್ಟಿ, ಹಿಡಿದು ಕೆಸರಿಗೆ ಇಳಿಯುತ್ತಿದ್ದೆ, ಅಷ್ಟೇ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ವಿ. ಮಗಳು ಫೋನ್ ಕಿತ್ತುಕೊಂಡು, "ಅಜ್ಜಾ, ನಿಮ್ಮ ಕೆರೇಲಿ ಅಪ್ಪನಿಗಿಂತ ದೊಡ್ಡ ಮೀನು ಇತ್ತಾ? ವಯಸ್ಸಲ್ಲಿ?" ಅಂದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಮುರುಗೋಡು ಇತ್ತು ಪುಟ್ಟಿ. ತೂಬಿನ ಹತ್ರ. ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ಇದೆ ಅಂತಿದ್ರು ಎಲ್ಲ. ಯಾರ ಕೈಗೂ ಸಿಕ್ಕಿರಲಿಲ್ಲ. ಕೆರೆ ಪೂರ್ತಿ ಬತ್ತಿದ ವರ್ಷ ಸಿಕ್ತು."

"ಆಮೇಲೆ ಬಿಟ್ರಾ?"

"ಎಲ್ಲಿಗೆ ಬಿಡೋದು ಕಂದಾ, ನೀರೇ ಇರಲಿಲ್ಲ" ಅಂದರು ಅಪ್ಪ.