4.2 ಸೆಂ.ಮೀ.

ನನ್ನ ಅಂಡಾಶಯದಲ್ಲಿರೋ ಸಿಸ್ಟಿನ (ಗುಳ್ಳೆಯ) ಅಳತೆ ಅದು. ಇವತ್ತು ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆ. ಮೊದಲಿನವರು ಲ್ಯಾಪರೊಸ್ಕೋಪಿಗೆ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಡೇಟ್ ಕೊಡೋಕೇ ಕೂತಿದ್ದರು.

ಇವರು ಸ್ಕ್ಯಾನ್ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. "ನೋಡಮ್ಮ, ಪೂರ್ತಿ ಕಪ್ಪಗಿದೆ. ಅಂದ್ರೆ ಒಳಗೆ ಬರೀ ನೀರು. ಗೋಡೆ ತೆಳ್ಳಗಿದೆ. ಮಧ್ಯೆ ಪರದೆ ಇಲ್ಲ, ಗಟ್ಟಿ ಭಾಗ ಇಲ್ಲ."

ಮುಟ್ಟು ಇನ್ನೂ ನಿಲ್ಲದವರಲ್ಲಿ ಇಂಥ ಸಿಸ್ಟ್ ಎಷ್ಟೋ ಸಲ ತಾನಾಗೇ ಕರಗುತ್ತದಂತೆ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್, ಆಮೇಲೆ ಮಾತು.

ಅಂಡಾಶಯದ ಕ್ಯಾನ್ಸರ್ ಅನುಮಾನ ಇದ್ದಾಗ ಮಾಡೋ ಸಿಎ-125 ರಕ್ತ ಪರೀಕ್ಷೆ ಮಾಡಿಸ್ಲಾ ಅಂದೆ. ಅದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯೋ ತೊಂದರೆ) ಇದ್ದರೂ ಏರುತ್ತೆ, ಮುಟ್ಟಿನ ದಿನಗಳಲ್ಲೂ ಏರುತ್ತೆ, ಸದ್ಯಕ್ಕೆ ಬೇಡ ಅಂದರು. ಆದರೆ ದಿಢೀರ್ ಅಂತ ಜೋರು ಹೊಟ್ಟೆನೋವು, ವಾಂತಿ ಬಂದರೆ ನಡುರಾತ್ರಿ ಆದರೂ ಎಮರ್ಜೆನ್ಸಿಗೆ ಓಡಬೇಕು. ಅಂಡಾಶಯ ತಿರುಚಿಕೊಂಡಿರಬಹುದು. ಇದನ್ನು ಮಾತ್ರ ಎರಡು ಸಲ ಹೇಳಿದರು.

ನಮ್ಮತ್ತೆ "ತೆಗೆಸಿಬಿಡೋದೇ ವಾಸಿ" ಅಂತಿದ್ದಾರೆ. ಅವರ ಓರಗೆಯವರಲ್ಲಿ ಗರ್ಭಕೋಶವನ್ನೇ ತೆಗೆಸಿಕೊಂಡವರು ಬೀದಿಗೊಬ್ಬರು ಸಿಗುತ್ತಾರೆ. ಎಷ್ಟು ಜನರಿಗೆ ನಿಜಕ್ಕೂ ಬೇಕಿತ್ತೋ! ಬೇಕಾದರೆ ಮಾಡಿಸಲೇಬೇಕು, ಅದು ಬೇರೆ. ಬೇಕಾ ಅಂತ ಕೇಳೋಕೆ ಏನು ಕಷ್ಟ, ಅಲ್ವಾ?

ಮುಂದಿನ ಸ್ಕ್ಯಾನ್ ದೀಪಾವಳಿ ಆದ್ಮೇಲೆ. ಅಲ್ಲಿವರೆಗೆ ಯಾರೂ ಫೋನ್ ಮಾಡಿ "ಆಪರೇಷನ್ ಯಾವಾಗ?" ಅಂತ ಕೇಳಬೇಡಿ, ಪ್ಲೀಸ್.