'ಪೊಲೀಸರು ಬರ್ತಿದ್ದಾರೆ' ಅಂದರೆ, 'ಯಾಕೆ?' ಅಂತ ಕೇಳಿ

ತೀವ್ರ ಖಿನ್ನತೆಯಲ್ಲಿರುವವರು 'ನನ್ನನ್ನ ಹಿಡಿಯೋಕೆ ಪೊಲೀಸರು ಬರ್ತಿದ್ದಾರೆ' ಅಂದಾಗ ಕೇಸ್ ಶೀಟಿನಲ್ಲಿ 'ಕಿರುಕುಳದ ಭ್ರಮೆ' ಎಂದಷ್ಟೇ ಬರೆದರೆ ಕೆಲಸ ಅರ್ಧಕ್ಕೇ ನಿಂತಂತೆ. ಯಾಕೆ ಬರ್ತಾರೆ? 'ನಾನು ಮಾಡಿದ ಪಾಪಕ್ಕೆ ಇದೇ ಆಗ್ಬೇಕು' ಎಂಬ ಉತ್ತರದ ಬೇರು ಅಪರಾಧಿ ಭಾವದಲ್ಲಿದೆ. ಅದು ಮನಃಸ್ಥಿತಿಗೆ ಹೊಂದುವ ಲಕ್ಷಣ. 'ನಾನೇನೂ ಮಾಡಿಲ್ಲ, ಪಕ್ಕದ ಮನೆಯವರ ಸಂಚು' ಎಂದರೆ ಹೊಂದದ್ದು. ಭ್ರಮೆ ಒಂದೇ, ವರ್ಗ ಬೇರೆ.

ಉನ್ಮಾದದಲ್ಲೂ (ಮೇನಿಯಾ, ಮನಸ್ಸು ಅತಿಯಾಗಿ ಉಬ್ಬಿ ಹಾರುವ ಸ್ಥಿತಿ) ಹೀಗೆಯೇ. 'ನನ್ನ ಶಕ್ತಿ ಕಂಡು ಹೊಟ್ಟೆಕಿಚ್ಚು, ಅದಕ್ಕೇ ಹಿಂದೆ ಬಿದ್ದಿದ್ದಾರೆ' ಎಂಬ ಅನುಮಾನ ಹಿರಿಮೆಯ ಭ್ರಮೆಗೆ ಅಂಟಿಕೊಂಡಿರುವುದರಿಂದ ಹೊಂದುವ ಲಕ್ಷಣವೇ. ತಲೆಯೊಳಗೆ ಬೇರೆಯವರು ಯೋಚನೆ ತುರುಕುತ್ತಿದ್ದಾರೆ ಎಂಬುದು ಹೊಂದದ್ದು. ಹಾಗೆಂದು ಅದು ಸ್ಕಿಜೋಫ್ರೀನಿಯಾ (ಭ್ರಮೆ, ದನಿಗಳೇ ಮುಖ್ಯವಾದ ಕಾಯಿಲೆ) ಎಂದು ತೀರ್ಮಾನಿಸುವುದು ತಪ್ಪು. ಅಮೆರಿಕದ ಮನೋರೋಗ ವರ್ಗೀಕರಣ ಕೈಪಿಡಿಯಾದ 1980ರ ಡಿಎಸ್‌ಎಂ-3ರಿಂದಲೂ ಹೊಂದದ ಲಕ್ಷಣಗಳಿಗೆ ಮನಃಸ್ಥಿತಿಯ ಕಾಯಿಲೆಗಳಲ್ಲಿ ಜಾಗವಿದೆ.

ರೋಗನಿರ್ಣಯವನ್ನು ನಿಜವಾಗಿ ತಿರುಗಿಸುವುದು ಕಾಲಾನುಕ್ರಮ. ಹಾಳೆಯ ಮೇಲೆ ಎರಡು ಗೆರೆ ಎಳೆಯಿರಿ: ಮೇಲಿನದು ಮನಃಸ್ಥಿತಿಗೆ, ಕೆಳಗಿನದು ಭ್ರಮೆ ಮತ್ತು ಯಾರೂ ಇಲ್ಲದಾಗ ಕೇಳಿಸುವ ದನಿಗಳಿಗೆ. ಮನೆಯವರಿಗೆ ತಾರೀಖು ನೆನಪಿರುವುದಿಲ್ಲ. ಯುಗಾದಿಗೆ ಮೊದಲೋ ಆಮೇಲೋ, ಗೌರಿ ಹಬ್ಬಕ್ಕೆ ಹೇಗಿದ್ದರು ಎಂದು ಕೇಳಿದರೆ ಹೇಳುತ್ತಾರೆ. 'ಊಟ, ನಿದ್ದೆ, ಮನಸ್ಸು ಸರಿಹೋದ ಮೇಲೂ ದನಿ ಕೇಳಿಸ್ತಿತ್ತಾ? ಎಷ್ಟು ದಿನ?' ಇದೇ ಮುಖ್ಯ ಪ್ರಶ್ನೆ. ಖಿನ್ನತೆ, ಉನ್ಮಾದ ಎರಡೂ ಇಲ್ಲದ ಹೊತ್ತಿನಲ್ಲಿ ಭ್ರಮೆ ಅಥವಾ ದನಿ 2 ವಾರ ಅಥವಾ ಹೆಚ್ಚು ಉಳಿದಿದ್ದರೆ, ಕಾಯಿಲೆಯ ಬಹುಪಾಲು ಅವಧಿಯಲ್ಲಿ ಮನಃಸ್ಥಿತಿಯ ಏರುಪೇರೂ ಇದ್ದರೆ, ಡಿಎಸ್‌ಎಂ-5 ಅದನ್ನು ಸ್ಕಿಜೋಅಫೆಕ್ಟಿವ್ (ಸ್ಕಿಜೋಫ್ರೀನಿಯಾ, ಮನಃಸ್ಥಿತಿಯ ಕಾಯಿಲೆ ಎರಡರ ಲಕ್ಷಣವೂ ಇರುವ ಕಾಯಿಲೆ) ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-11 ನೋಡುವುದು ಎರಡೂ ಬಗೆಯ ಲಕ್ಷಣಗಳು ಒಟ್ಟೊಟ್ಟಿಗೆ ಬಂದಿವೆಯೇ ಎಂದು. ಹಾಗಾಗಿ ಒಬ್ಬರೇ ರೋಗಿಗೆ ಎರಡು ಹೆಸರು ಸಿಗಬಹುದು; ಯಾವ ಪದ್ಧತಿ ಬಳಸಿದಿರೆಂದು ಬರೆದಿಡಿ.

ಭ್ರಮೆ ಇದ್ದರೆ ಖಿನ್ನತೆ 'ತೀವ್ರ' ಎಂದೇ ಅರ್ಥ ಎಂಬ ಹಳೆಯ ರೂಢಿಯನ್ನು ಬಿಡಬೇಕು. 2013ರ ಡಿಎಸ್‌ಎಂ-5 ತೀವ್ರತೆಯನ್ನೂ ಭ್ರಮೆಯನ್ನೂ ಬೇರ್ಪಡಿಸಿತು. ಐಸಿಡಿ-11ರಲ್ಲಿ ಮಧ್ಯಮ ಖಿನ್ನತೆಗೂ ಭ್ರಮೆಯ ಲಕ್ಷಣ ಸೇರಿಸಬಹುದು. ಆದರೆ ಹೈಪೊಮೇನಿಯಾ (ಸೌಮ್ಯ ಉನ್ಮಾದ) ಎಂದುಕೊಂಡಿದ್ದರಲ್ಲಿ ಭ್ರಮೆ ಕಂಡರೆ ಅದು ಉನ್ಮಾದವೇ.

ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ಊರೇ ಒಪ್ಪಿ, ಆಮೇಲೆ ವ್ಯಕ್ತಿ ಎಂದಿನಂತಿದ್ದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಹೆಚ್ಚು ತಪ್ಪಿಹೋಗುವುದು ಸದ್ದಿಲ್ಲದ ಭ್ರಮೆಗಳು. 'ದನಿ ಕೇಳಿಸುತ್ತಾ?' ಎಂದಷ್ಟೇ ಕೇಳಿದರೆ 'ಇಲ್ಲ' ಅನ್ನುತ್ತಾರೆ. 'ದುಡ್ಡೆಲ್ಲ ಮುಗೀತು ಅನಿಸುತ್ತಾ? ಹೊಟ್ಟೆಯೊಳಗೆ ಏನಾದ್ರೂ ಕೆಟ್ಟಿದೆಯಾ?' ಎಂದು ಕೇಳಿ. 'ಕರುಳು ಕೊಳೆತುಹೋಗಿದೆ' ಎಂಬ ಉತ್ತರ ಬಂದರೆ ಆತ್ಮಹತ್ಯೆಯ ಯೋಚನೆಯನ್ನು ಅಂದೇ ವಿಚಾರಿಸಿ. ಇಂಥ ಖಿನ್ನತೆಗೆ ಖಿನ್ನತೆ ನಿವಾರಕ ಒಂದೇ ಸಾಮಾನ್ಯವಾಗಿ ಸಾಲುವುದಿಲ್ಲ; ಜೊತೆಗೆ ಆ್ಯಂಟಿಸೈಕೋಟಿಕ್ (ಭ್ರಮೆ ತಗ್ಗಿಸುವ ಔಷಧಿ) ಬೇಕು, ಇಲ್ಲವೇ ಇಸಿಟಿ (ಮಿದುಳಿಗೆ ವಿದ್ಯುತ್ ಕೊಡುವ ಚಿಕಿತ್ಸೆ).